ಲಿಲಾವಿಗೆ ಮುಂಚಿನ ಆರು ತಿಂಗಳು

ಮನೆಯನ್ನು ಮಾರುವವನು ಆ ಮನೆಯ ಮುಂದೆಯೇ, ನೆರೆಯ ನಾಲ್ವತ್ತು ಕುಲಗಳವರು ಕೇಳುವಂತೆ ಅದನ್ನು ಸಾರಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣವು ವಿಧಿಸುತ್ತದೆ. ಕೊಳ್ಳುವ ಅಧಿಕಾರವು ಮೊದಲು ಜ್ಞಾತಿಗಳಿಗೆ; ಅವರು ಒಲ್ಲದಿದ್ದರೆ ಸಾಮಂತರಿಗೆ, ಎಂದರೆ ಎಲ್ಲೆಗೆ ಹತ್ತಿದ ನೆರೆಯವರಿಗೆ; ಅವರ ತರುವಾಯ ಧನಿಕರಿಗೆ, ಎಂದರೆ ಸಾಲ ಕೊಟ್ಟವರಿಗೆ; ಇವರೆಲ್ಲರೂ ಕೈಬಿಟ್ಟ ಮೇಲೆಯೇ ಹೊರಗಿನವರಿಗೆ. ಬೆಲೆಯನ್ನು ಮೂರು ಸಲ ಕೂಗಿದ ಮೇಲೆ ಯಾರೂ ಅಡ್ಡ ಬಾರದಿದ್ದರೆ ವಿಕ್ರಯವು ಸಿದ್ಧವಾಗುವದು. ಪೈಪೋಟಿಯಿಂದ ಬೆಲೆಯು ಏರಿದರೆ ಏರಿದ ಭಾಗವು ರಾಜಕೋಶಕ್ಕೆ ಸಲ್ಲತಕ್ಕದ್ದೆಂದು ಸಹ ಆ ಚತುರನು ಹೇಳಲು ಮರೆತಿಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕಂಡುಹಿಡಿದು 1909ರಲ್ಲಿ ಅಚ್ಚು ಮಾಡಿಸಿದ ಈ ಗ್ರಂಥದ ವಿಧಿಗಳು ಯಾವ ದೇಶದಲ್ಲಿ ಎಷ್ಟರ ಮಟ್ಟಿಗೆ ನಡೆದವೆಂಬುದು ಬೇರೆ ವಿಚಾರ. ಇಲ್ಲಿ ಗಮನಿಸತಕ್ಕ ಅಂಶವು ಒಂದೇ. ಒಬ್ಬನ ಮನೆಯು ಕೈಬಿಡುತ್ತಿದೆಯೆಂಬ ಸುದ್ದಿಯು ಅವನ ನಂಟರಿಗೂ ನೆರೆಯವರಿಗೂ ಮೊದಲು ತಿಳಿಯಬೇಕು, ಹೊರಗಿನವನಿಗೆ ಕಡೆಗೆ ತಿಳಿಯಬೇಕು ಎಂಬ ಕ್ರಮವನ್ನು ಆ ಶಾಸ್ತ್ರಕಾರನು ಹಾಕಿದ್ದನು. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಆಂಗ್ಲರ ಆಳಿಕೆಯ ಕಾಲಕ್ಕೆ ಈ ಕ್ರಮವು ತಲೆಕೆಳಗಾಯಿತು. ಅದು ಹೇಗಾಯಿತೆಂಬುದೇ ಈ ಲೇಖನದ ವಿಷಯವು.

ಸಾಲಕ್ಕೆ ಭೂಮಿಯನ್ನಾಗಲಿ ಮನೆಯನ್ನಾಗಲಿ ಆಧಾರವಾಗಿಡುವದಕ್ಕೆ ಒತ್ತೆ, ಅಡವು ಎಂಬ ಶಬ್ದಗಳು ಕನ್ನಡದಲ್ಲಿ ಸ್ವಂತದವು. ಗಹಾಣವು ಮರಾಠಿಯಿಂದ ಬಂದಿತು. ಅವಧಿಯನ್ನು ಹೇಳುವ ಮುದ್ದತು, ವಾಯಿದೆ ಎಂಬವು ಅರಬ್ಬಿಯಿಂದ ಬಂದವು. ಕೊನೆಗೆ ಬರುವ ಲಿಲಾವು ಮಾತ್ರ ಪೋರ್ತುಗೀಜರದು. ಅವರ ಲೈಲಾಂವ್ ಎಂಬ ಶಬ್ದವೇ ಕರಾವಳಿಯವರ ಬಾಯಲ್ಲಿ ಹೀಗೆ ನಿಂತಿತು. ಒಂದು ಮನೆಯು ಕೈಬಿಡುವ ಕತೆಯ ಒಂದೊಂದು ಮಜಲಿಗೆ ಒಂದೊಂದು ಜನಾಂಗದ ಮಾತು ಹತ್ತಿಕೊಂಡಿರುವದು ಬಂದರುಗಳ ನಾಡಿಗೆ ತಕ್ಕುದೇ ಆಗಿದೆ.

ಶಾಸ್ತ್ರದಲ್ಲಿ ಒತ್ತೆಗೆ ಆಧಿಯೆಂದು ಹೆಸರು. ಅದರಲ್ಲಿ ಗೋಪ್ಯವೆಂದೂ ಭೋಗ್ಯವೆಂದೂ ಎರಡು ಬಗೆ. ಕಾಯ್ದಿಡುವದಕ್ಕಷ್ಟೇ ಕೊಟ್ಟದ್ದು ಗೋಪ್ಯ. ಬಡ್ಡಿಗೆ ಬದಲಾಗಿ ಫಲವನ್ನು ಉಣ್ಣಲು ಕೊಟ್ಟದ್ದು ಭೋಗ್ಯ. ಯಾಜ್ಞವಲ್ಕ್ಯನ ಮತದಂತೆ, ಹಣವು ಬಡ್ಡಿಯಿಂದ ಇಮ್ಮಡಿಯಾದರೂ ಬಿಡಿಸಿಕೊಳ್ಳದ ಒತ್ತೆಯು ಕೈಬಿಡುವದು. ಕಾಲವನ್ನು ಗೊತ್ತುಮಾಡಿ ಇಟ್ಟದ್ದು ಆ ಕಾಲವು ತೀರಿದೊಡನೆ ಕೈಬಿಡುವದು. ಫಲಭೋಗ್ಯವಾದದ್ದು ಮಾತ್ರ ಎಂದೆಂದಿಗೂ ಕೈಬಿಡದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಈ ನಿಷ್ಠುರವಾದ ಮಾತಿಗೆ ಬೇರೊಂದು ಸ್ಮೃತಿವಚನವನ್ನು ಜೋಡಿಸುತ್ತಾನೆ. ಅವಧಿಯು ಮುಗಿದ ಮೇಲೆಯೂ ಧನಿಕನು ಎರಡು ವಾರ, ಎಂದರೆ ಹದಿನಾಲ್ಕು ದಿನ, ಕಾದಿರಬೇಕು. ಅಷ್ಟರೊಳಗೆ ಸಾಲಗಾರನು ಹಣ ತಂದರೆ ಒತ್ತೆಯನ್ನು ಮರಳಿ ಕೊಡಬೇಕು. ಹದಿನಾಲ್ಕು ದಿನಗಳಲ್ಲಿ ಹಣವು ಎಲ್ಲಿಂದ ಬರಬೇಕು ಎಂದು ಇಂದಿನವರು ನಗಬಹುದು. ಆದರೆ ಆ ಹದಿನಾಲ್ಕು ದಿನಗಳಲ್ಲಿ ಊರಿಗೆಲ್ಲ ಸುದ್ದಿ ತಿಳಿದಿರುತ್ತಿತ್ತು. ಕೊಡಬಲ್ಲ ನಂಟನು ಕೊಡುತ್ತಿದ್ದನು, ಇಲ್ಲವೆ ಇಲ್ಲವೆನ್ನುತ್ತಿದ್ದನು.

ಕನ್ನಡ ಕರಾವಳಿಯು 1799ರಲ್ಲಿ ಕಂಪನಿಯವರ ಕೈಸೇರಿದಾಗ ಮೊದಲನೆಯ ಕಲೆಕ್ಟರನಾಗಿ ಬಂದ ಥಾಮಸ ಮನ್ರೋನಿಗೆ ಇಲ್ಲಿಯ ಭೂಮಿಯ ವ್ಯವಸ್ಥೆಯನ್ನು ಕಂಡು ಆಶ್ಚರ್ಯವಾಯಿತು. ಬಾರಾಮಹಲಿನಲ್ಲಿ ಕೆಲಸ ಮಾಡಿ ಬಂದಿದ್ದ ಅವನಿಗೆ, ಇಲ್ಲಿ ಭೂಮಿಯು ವಂಶಪರಂಪರೆಯಾಗಿ ಖಾಸಗಿ ಸ್ವತ್ತಾಗಿರುವದೂ, ಅದನ್ನು ಮಾರುವದು, ಒತ್ತೆಯಿಡುವದು, ಭಾಗ ಹಂಚುವದು ನಡೆದುಬಂದಿರುವದೂ, ಕರಿಯ ಕಡತಗಳಲ್ಲಿ ಲೆಕ್ಕವು ಬರೆದಿಟ್ಟಿರುವದೂ ಕಂಡಿತು. ಹೀಗಿರಲಾಗಿ, ಒತ್ತೆಯಿಡುವದನ್ನು ಇಲ್ಲಿಯವರಿಗೆ ಬಿಳಿಯರು ಕಲಿಸಿದರೆಂಬ ಮಾತು ನಿಲ್ಲಲಾರದು. ಮೂಲಗಾರನು, ಅವನಿಂದ ಶಾಶ್ವತ ಗೇಣಿಗೆ ಹಿಡಿದ ಮೂಲಗೇಣಿಯವನು, ವರ್ಷವರ್ಷಕ್ಕೆ ದುಡಿಯುವ ಚಾಲಗೇಣಿಯವನು, ಇವರ ನಡುವೆ ಒಂದೇ ಗದ್ದೆಯ ಮೇಲೆ ಎರಡು ಮೂರು ಪದರಿನ ಹಕ್ಕುಗಳಿದ್ದವು. ಒಂದೊಂದು ಪದರನ್ನೂ ಬೇರೆ ಬೇರೆಯಾಗಿ ಅಡವಿಡಬಹುದಾಗಿತ್ತು. ಹೊಸದಾಗಿ ಬಂದದ್ದು ಒತ್ತೆಯಲ್ಲ. ದೂರದ ಊರಿನಲ್ಲಿ, ತಾರೀಖು ಗೊತ್ತಾದ ದಿನ, ಕಾಗದದ ಮೇಲೆ ಅದು ಮುರಿದುಬೀಳುವ ರೀತಿ.

1862ರಲ್ಲಿ ಉತ್ತರ ಕನ್ನಡವು ಮದ್ರಾಸ ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. ಕುಂದಾಪುರವು ಮದ್ರಾಸಿನಲ್ಲಿಯೇ ಉಳಿಯಿತು. ಭಟ್ಕಳದ ದಕ್ಷಿಣಕ್ಕೆ ಶಿರೂರಿನ ಬಳಿ ಎರಡು ಇಲಾಖೆಗಳ ಗಡಿಯು ಬಿದ್ದಿತು. ಗಡಿಯ ಆಚೆ ಈಚೆ ನಂಟಸ್ತನವಿದ್ದ ಮನೆತನಗಳಿಗೆ ಇದು ಮೊದಮೊದಲು ಕಚೇರಿಯ ಬದಲಾವಣೆಯೆಂದಷ್ಟೇ ತೋರಿರಬೇಕು. ಆದರೆ ಸಾಲಗಾರನ ಪಾಲಿಗೆ ಆ ಗಡಿಯು ಸಣ್ಣದಾಗಿರಲಿಲ್ಲ. ಬಡ್ಡಿಯು ಒಮ್ಮೆಗೆ ಅಸಲನ್ನು ಮೀರಿ ವಸೂಲಾಗಬಾರದೆಂಬ ದಾಮದುಪ್ಪಟ್ಟಿನ ನಿಯಮವನ್ನು ಮುಂಬಯಿಯ ಕೋರ್ಟುಗಳು ಹಿಂದೂ ಸಾಲಗಾರರ ವಿಷಯದಲ್ಲಿ ಮಾನ್ಯ ಮಾಡುತ್ತಿದ್ದವು. ಮದ್ರಾಸಿನ ಜಿಲ್ಲೆಗಳಲ್ಲಿ ಅದು ನಡೆಯುತ್ತಿರಲಿಲ್ಲ. ಬಡ್ಡಿಯ ಮಿತಿಯ ಕಾಯದೆಗಳನ್ನು ಸರಕಾರವು 1855ರಲ್ಲಿಯೇ ತೆಗೆದುಹಾಕಿದ್ದುದರಿಂದ ಈ ಹಳೆಯ ನಿಯಮವೊಂದೇ ಆಸರೆಯಾಗಿತ್ತು.

ಇದಕ್ಕಿಂತಲೂ ಹೆಚ್ಚಿನ ಭೇದವು ಮುದ್ದತ್ ಖರೇದಿಯಲ್ಲಿತ್ತು. ಇಂಥ ದಿನದೊಳಗೆ ಹಣ ಕೊಡದಿದ್ದರೆ ಇದೇ ಪತ್ರವನ್ನು ಖರೇದಿಯೆಂದು ತಿಳಿಯತಕ್ಕದ್ದು ಎಂದು ಬರೆಯಿಸಿಕೊಳ್ಳುವ ಪದ್ಧತಿಯು ಎಲ್ಲೆಡೆಗೂ ಇತ್ತು. ಅಡವಾದದ್ದು ಎಂದಿಗೂ ಅಡವೇ, ದಿನವು ತಪ್ಪಿತೆಂದು ಅದು ಕ್ರಯವಾಗಲಾರದು ಎಂದು ಮುಂಬಯಿಯ ಹೈಕೋರ್ಟು 1864ರಲ್ಲಿ ತೀರ್ಪಿತ್ತಿತು. ಮದ್ರಾಸಿನಿಂದ ಹೋದ ಮೊಕದ್ದಮೆಯೊಂದರಲ್ಲಿ ವಿಲಾಯತಿಯ ಪ್ರೀವಿ ಕೌನ್ಸಿಲು 1870ರಲ್ಲಿ ಇದಕ್ಕೆ ವಿರುದ್ಧವಾಗಿ, ಬರೆದಂತೆ ನಡೆಯಬೇಕು, ದಿನ ತಪ್ಪಿದರೆ ಭೂಮಿ ಹೋಯಿತು ಎಂದಿತು. ಯಾಜ್ಞವಲ್ಕ್ಯನ ಅಕ್ಷರವನ್ನು ಹಿಡಿದು ನೋಡಿದರೆ ಪ್ರೀವಿ ಕೌನ್ಸಿಲಿನ ಮಾತೇ ಶಾಸ್ತ್ರಕ್ಕೆ ಹತ್ತಿರವಾದದ್ದೆಂದು ಒಪ್ಪಬೇಕಾಗುತ್ತದೆ. ಆದರೂ ಮುಂಬಯಿಯ ನ್ಯಾಯಾಧೀಶರು ಜನರ ಸ್ಥಿತಿಯನ್ನು ಕಣ್ಣಾರೆ ಕಂಡಿದ್ದರು. 1882ರ ಸ್ವತ್ತು ವರ್ಗಾವಣೆಯ ಕಾಯದೆಯು ಬಿಡಿಸಿಕೊಳ್ಳುವ ಹಕ್ಕನ್ನು ಸ್ಪಷ್ಟವಾಗಿ ಬರೆಯಿತು. ಅದು ಮದ್ರಾಸಿನಲ್ಲಿ ಕೂಡಲೆ ಜಾರಿಗೆ ಬಂದಿತು. ಮುಂಬಯಿ ಇಲಾಖೆಗೆ, ಆದಕಾರಣ ಈ ಮೂರು ಊರುಗಳಿಗೂ, 1893ನೆಯ ಜನವರಿ 1ರಿಂದ ಹತ್ತಿತು.

ಈ ಕಾಯದೆಯು ಸಾಲಗಾರನಿಗೆ ಆರು ತಿಂಗಳನ್ನು ಕೊಟ್ಟಿತು. ಅಡವಿನ ದಾವೆಯಲ್ಲಿ ಕೋರ್ಟು ಮೊದಲು ಲೆಕ್ಕವನ್ನು ಗೊತ್ತುಮಾಡಿ, ಆರು ತಿಂಗಳೊಳಗೆ ಹಣ ಕಟ್ಟಿದರೆ ಸ್ವತ್ತು ನಿನ್ನದು, ಕಟ್ಟದಿದ್ದರೆ ಲಿಲಾವು ಎಂದು ಹೇಳುವದು. 1908ರ ದಿವಾಣಿ ವ್ಯವಹಾರ ಸಂಹಿತೆಯ ಮೂವತ್ನಾಲ್ಕನೆಯ ಆದೇಶಕ್ಕೆ ಈ ನಿಯಮವೇ ಸೇರಿತು. ಹದಿನಾಲ್ಕು ದಿನಗಳೆಲ್ಲಿ, ಆರು ತಿಂಗಳೆಲ್ಲಿ! ಕಾಗದದ ಮೇಲೆ ನೋಡಿದರೆ ಇದು ದೊಡ್ಡ ದಯೆಯೇ ಸರಿ. ಆದರೆ ಆ ಆರು ತಿಂಗಳಲ್ಲಿ ಸುದ್ದಿಯು ಯಾರಿಗೆ ತಿಳಿಯುತ್ತಿತ್ತು?

ಆಗ ಭಟ್ಕಳವು ಹೊನ್ನಾವರ ತಾಲೂಕಿಗೆ ಸೇರಿದ ಪೇಟಾ ಆಗಿತ್ತು. ಭಟ್ಕಳದ ಸಾಲಗಾರನು ಹೊನ್ನಾವರದ ಕಚೇರಿಗೆ ಹೋಗಬೇಕಾದರೆ ಶಿರಾಲಿಯ ಬಳಿ ವೆಂಕಟಾಪುರದ ಹೊಳೆಯನ್ನೂ, ಕಾಸರಕೋಡಿನಲ್ಲಿ ಶರಾವತಿಯನ್ನೂ ದಾಟಬೇಕು. ಸೇತುವೆಗಳಿಲ್ಲದ ಆ ಕಾಲಕ್ಕೆ ಮಳೆಗಾಲದಲ್ಲಿ ಇದು ಜೀವದ ಮೇಲಿನ ಪ್ರಯಾಣ. ಲಿಲಾವಿನ ಜಾಹೀರನಾಮೆಯನ್ನು ಸ್ವತ್ತಿನ ಮೇಲೂ ಕೋರ್ಟಿನ ಗೋಡೆಗೂ ಹಚ್ಚಬೇಕು, ಡಂಗುರ ಹೊಡೆಯಿಸಬೇಕು, ಕಂದಾಯದ ಭೂಮಿಯಾದರೆ ಕಲೆಕ್ಟರನ ಕಚೇರಿಯಲ್ಲಿಯೂ ತೂಗಹಾಕಬೇಕು ಎಂಬ ನಿಯಮಗಳೇನೋ ಇದ್ದವು. ಡಂಗುರದ ಸದ್ದು ಕೇರಿಗೆ ಕೇಳುವ ಹೊತ್ತಿಗೆ ಆರು ತಿಂಗಳೂ ಮುಗಿದಿರುತ್ತಿದ್ದವು. ಕೌಟಿಲ್ಯನ ಸಾರುವಿಕೆಯು ವಿಕ್ರಯದ ಮೊದಲ ಮೆಟ್ಟಲು. ಕೋರ್ಟಿನ ಡಂಗುರವು ಕೊನೆಯದು.

ನಡುವಿನ ಕಾಲದಲ್ಲಿ ಸುದ್ದಿಯು ಹರಿದಾಡುತ್ತಿದ್ದದ್ದು ಬೇರೆ ದಾರಿಗಳಲ್ಲಿ. 1864ರಿಂದ ಸ್ಥಿರಸ್ವತ್ತಿನ ಪತ್ರಗಳ ನೋಂದಣಿಗೆ ಒಂದರ ಮೇಲೊಂದು ಕಾಯದೆಗಳು ಬಂದವು. ಕಳ್ಳಪತ್ರಗಳನ್ನು ತಡೆಯುವದೂ, ಒಮ್ಮೆ ಅಡವಿಟ್ಟದ್ದನ್ನು ಮತ್ತೊಬ್ಬನಿಗೆ ಮುಚ್ಚಿಟ್ಟು ಮಾರದಂತೆ ಮಾಡುವದೂ ಇವುಗಳ ಉದ್ದೇಶ, ಉದ್ದೇಶವು ನ್ಯಾಯವಾದದ್ದೇ. ಆದರೆ ಆ ಪುಸ್ತಕಗಳೂ ಅವುಗಳ ಸೂಚಿಗಳೂ ಫೀ ಕೊಟ್ಟ ಯಾವನಿಗಾದರೂ ತೆರೆದಿರಬೇಕೆಂಬ ನಿಯಮವು 1908ರ ಕಾಯದೆಯಲ್ಲಿಯೂ ಇದೆ. ಯಾವ ತೋಟದ ಮೇಲೆ ಎಷ್ಟು ಹೊರೆ, ಯಾವ ವಾಯಿದೆಯು ಎಂದಿಗೆ ತೀರುವದು, ಮೊದಲಿನ ಅಡವಿನ ಮೇಲೆ ಎರಡನೆಯದು ಯಾವಾಗ ಬಿದ್ದಿತು ಎಂಬುದನ್ನೆಲ್ಲ ಬಲ್ಲವನು ಅಲ್ಲಿ ಓದಬಹುದಾಗಿತ್ತು. ಎರಡನೆಯ ಅಡವು ಬಿದ್ದಿತೆಂದರೆ ಮನೆಯ ಬುಡವು ಅಲುಗಾಡಿತೆಂದೇ ಅರ್ಥ. ಚಾವಡಿಯಲ್ಲಿ ಬಾಕಿಯುಳಿದ ಕಂದಾಯ, ಮುರಿದ ಗಜನಿ ಕಟ್ಟೆ, ಒಂದೇ ವರ್ಷದಲ್ಲಿ ಎರಡು ಮದುವೆ, ಮನೆಯ ಯಜಮಾನನ ಮರಣ, ಇವೆಲ್ಲ ಬಲ್ಲವನಿಗೆ ಪಂಚಾಂಗದಂತೆ ಮುಂದಾಗುವದನ್ನು ಹೇಳುತ್ತಿದ್ದವು.

ಈ ಬಗೆಯ ಬಲ್ಲವನಿಗೆ ಕರಾವಳಿಯಲ್ಲಿ ಒಂದೇ ಹೆಸರಿರಲಿಲ್ಲ, ಒಂದೇ ಜಾತಿಯೂ ಇರಲಿಲ್ಲ. ಸಾಲ ಕೊಡುವದೇ ಕಸುಬಾದವನನ್ನು ಸಾವಕಾರನೆಂದು ಎಲ್ಲರೂ ಗುರುತಿಸಿ ಬೈಯುತ್ತಾರೆ. ಇವನು ಸಾವಕಾರನಲ್ಲ. ಇವನು ಸಾಲ ಕೊಟ್ಟವನೂ ಅಲ್ಲ, ಪಡೆದವನೂ ಅಲ್ಲ. ಇಬ್ಬರ ನಡುವೆ ಆರು ತಿಂಗಳ ಗಡುವು ಓಡುತ್ತಿರುವಾಗ ಜಗಲಿಗೆ ಬಂದು ಕುಳಿತುಕೊಳ್ಳುವ ಮೂರನೆಯವನು. ಅವನು ಕೊಳ್ಳುತ್ತಿದ್ದದ್ದು ಹೊರನೋಟಕ್ಕೆ ಭೂಮಿಯಾದರೂ ನಿಜವಾಗಿ ಸಾಲಗಾರನಲ್ಲಿ ಉಳಿದಿದ್ದ ಬಿಡಿಸಿಕೊಳ್ಳುವ ಹಕ್ಕನ್ನು. ಕಾಯದೆಯ ದೃಷ್ಟಿಯಲ್ಲಿ ಇದರಲ್ಲಿ ತಪ್ಪೇನೂ ಇಲ್ಲ. ಆ ಹಕ್ಕನ್ನು ಮಾರಲಿಕ್ಕೂ ಕೊಳ್ಳಲಿಕ್ಕೂ ಬರುತ್ತದೆ. ಸಾಮಾನ್ಯ ಗೃಹಸ್ಥರಿಗೆ ಈ ಹಕ್ಕೆಂಬುದು ಕಣ್ಣಿಗೆ ಕಾಣದ ವಸ್ತುವಾದ್ದರಿಂದ ಒಂದು ಲೆಕ್ಕವನ್ನು ಕಲ್ಪಿಸಿ ನೋಡುವದು ಮೇಲು.

ಹೊನ್ನಾವರದ ಕಡೆಯ ಒಂದು ತೆಂಗು ಅಡಿಕೆಯ ತೋಟವೂ ಮನೆಯೂ ಸೇರಿ ಆ ಕಾಲದ ಬೆಲೆಯಲ್ಲಿ 3,000 ರೂಪಾಯಿ ಬಾಳುವದೆಂದು ಭಾವಿಸೋಣ. ಅದರ ಮೇಲೆ ಅಸಲು 1,000, ಬಡ್ಡಿ ಮತ್ತು ಕೋರ್ಟಿನ ಖರ್ಚು 400, ಒಟ್ಟು 1,400 ರೂಪಾಯಿಯ ಡಿಕ್ರಿಯಾಗಿದೆ. ಹಾಗಾದರೆ ಉಳಿದ 1,600 ರೂಪಾಯಿಯು ಮನೆಯವನದು. ಸಾವಕಾರನದೂ ಅಲ್ಲ, ಸರಕಾರದ್ದೂ ಅಲ್ಲ. ಮನೆಯವನು ಮಾತ್ರ 1,400ರ ಭಯದಲ್ಲಿ ಮುಳುಗಿದ್ದಾನೆ. ಅವನ ತಲೆಯಲ್ಲಿ ತೋಟವು ಆಗಲೇ ಹೋಗಿಬಿಟ್ಟಿದೆ. ಮೂರನೆಯವನು ಬಂದು, ಡಿಕ್ರಿಯ ಹಣವನ್ನು ನಾನು ಕಟ್ಟುವೆನು, ನಿನ್ನ ಕೈಗೆ 200 ರೂಪಾಯಿ ಕೊಡುವೆನು, ಲಿಲಾವಿನ ಅಪಮಾನವು ತಪ್ಪುವದು ಎನ್ನುತ್ತಾನೆ. ಲಿಲಾವಾದರೆ ಏನು ಸಿಕ್ಕೀತು? ಡಿಕ್ರಿಯ ಧನಿಯೇ ಕೋರ್ಟಿನ ಅಪ್ಪಣೆ ಪಡೆದು ಸವಾಲು ಹಾಕಬಹುದು, ಹೊರಗಿನವರು ಒಬ್ಬಿಬ್ಬರು, ತೋಟವು 1,500ಕ್ಕೆ ಹೋದರೆ ಮನೆಯವನಿಗೆ ಉಳಿಯುವದು 100. ಬೆಲೆಯು ಕಡಿಮೆಯಾಯಿತೆಂಬುದೊಂದೇ ಕಾರಣದಿಂದ ಲಿಲಾವು ರದ್ದಾಗುವದಿಲ್ಲ. ಕ್ರಮದಲ್ಲಿ ದೋಷವೋ ಮೋಸವೋ ಇದ್ದುದನ್ನೂ ಅದರಿಂದ ನಷ್ಟವಾದುದನ್ನೂ ತೋರಿಸಬೇಕು. ಆದ್ದರಿಂದ 100ರ ಎದುರಿಗೆ 200 ದೊಡ್ಡದಾಗಿ ಕಾಣುತ್ತದೆ. ಮೂರನೆಯವನು ಸುಳ್ಳು ಹೇಳಲಿಲ್ಲ. ಅವನು ತನ್ನ ಬೆಲೆಯನ್ನು ತೋಟದ ಬೆಲೆಯೊಡನೆ ತೂಗದೆ ಲಿಲಾವಿನ ಬೆಲೆಯೊಡನೆ ತೂಗಿ ತೋರಿಸಿದನು, ಅಷ್ಟೆ. 1,600 ಕೊಟ್ಟು 3,000ದ ಸ್ವತ್ತನ್ನು ಪಡೆದನು.

ಎಲ್ಲ ಮೂರನೆಯವರೂ ಹೀಗೆಯೇ ಇದ್ದರೆಂದು ಬರೆದರೆ ಅನ್ಯಾಯವಾದೀತು. 2,600 ಕೊಟ್ಟು ಕೊಂಡವನೂ ಲಾಭವನ್ನೇ ಪಡೆಯುತ್ತಾನೆ. ಮನೆಯವನ ಕೈಗೂ 1,200 ಬರುತ್ತದೆ. ಮಾರಿದವನ ಕುಟುಂಬವನ್ನೇ ಮೂಲಗೇಣಿಗೆ ಆ ನೆಲದಲ್ಲಿ ಉಳಿಸುವ ಕರಾರೂ ಕಾಯದೆಗೆ ಒಪ್ಪುವಂಥದೇ. ಈ ಎರಡು ಬಗೆಯ ಕೊಳ್ಳುವಿಕೆಗಳ ನಡುವಿನ ಅಂತರವು ಕಾಯದೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಮೇಲಿನ ಲೆಕ್ಕವನ್ನು ಮನೆಯವನಿಗೆ ಬಿಡಿಸಿ ಹೇಳುವವನು ಒಬ್ಬನಿದ್ದನೇ ಇಲ್ಲವೇ ಎಂಬುದರ ಮೇಲೆ ಎಲ್ಲವೂ ನಿಂತಿತ್ತು.

ಕಾಯದೆಯ ಒಂದು ವಿಪರೀತವನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. 1908ರ ಸಂಹಿತೆಯಲ್ಲಿ ಒಂದು ಒಳ್ಳೆಯ ನಿಯಮವಿದೆ. ಸಾಲಗಾರನು ತಾನೇ ಸ್ವತ್ತನ್ನು ಅಡವಿಟ್ಟೋ ಗೇಣಿಗೆ ಕೊಟ್ಟೋ ಖಾಸಗಿಯಾಗಿ ಮಾರಿಯೋ ಡಿಕ್ರಿಯ ಹಣವನ್ನು ಕೂಡಿಸಬಲ್ಲೆನೆಂದು ಕೋರ್ಟಿಗೆ ಮನಗಾಣಿಸಿದರೆ ಲಿಲಾವನ್ನು ಮುಂದೂಡಬಹುದು. ಒಳ್ಳೆಯ ಬೆಲೆಗೆ ಗಿರಾಕಿಯನ್ನು ಹುಡುಕಲು ಸಾಲಗಾರನಿಗೇ ಸಮಯ ಸಿಗುವ ಈ ದಾರಿಯು ಅಡವಿನ ಡಿಕ್ರಿಗಳಿಗೆ ಅನ್ವಯಿಸದೆಂದು ಅದೇ ನಿಯಮದ ಕೊನೆಯಲ್ಲಿ ಬರೆದಿದೆ. ಅಡವಿನವನಿಗೆ ಆರು ತಿಂಗಳು ಆಗಲೇ ಸಿಕ್ಕಿವೆಯಲ್ಲ ಎಂಬುದು ತರ್ಕವು. ಯಾರಿಗೆ ಈ ದಾರಿಯು ಎಲ್ಲಕ್ಕಿಂತ ಹೆಚ್ಚು ಬೇಕಾಗಿತ್ತೋ ಅವನಿಗೇ ಅದು ಮುಚ್ಚಿತು.

ವಿಧವೆಯ ಕೈಯಲ್ಲಿದ್ದ ಸ್ವತ್ತಿನ ಕತೆಯು ಇನ್ನೂ ವಿಚಿತ್ರವಾದದ್ದು. 1956ರ ಹಿಂದೂ ಉತ್ತರಾಧಿಕಾರ ಕಾಯದೆಯ ವರೆಗೆ ಗಂಡನ ಸ್ವತ್ತಿನಲ್ಲಿ ವಿಧವೆಗಿದ್ದದ್ದು ಮಿತವಾದ ಹಕ್ಕು. ಕುಟುಂಬದ ನಿಜವಾದ ಅವಶ್ಯಕತೆಯಿಲ್ಲದೆ ಅವಳು ಮಾರಲಾಗಲಿ ಅಡವಿಡಲಾಗಲಿ ಬರುತ್ತಿರಲಿಲ್ಲ. ಸಾಲ ಕೊಡುವವನೂ ಕೊಳ್ಳುವವನೂ ಆ ಅವಶ್ಯಕತೆಯನ್ನು ತಾವೇ ವಿಚಾರಿಸಿ ತಿಳಿಯಬೇಕೆಂಬ ತತ್ತ್ವವು, ಅಪ್ರಾಪ್ತ ವಯಸ್ಕನ ಸ್ವತ್ತಿನ ಸಂಬಂಧವಾಗಿ 1856ರಲ್ಲಿ ಪ್ರೀವಿ ಕೌನ್ಸಿಲು ಹನುಮಾನಪ್ರಸಾದ ಪಾಂಡೆಯ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಿಂದ ಬಂದು, ವಿಧವೆಯ ವ್ಯವಹಾರಕ್ಕೂ ಹತ್ತಿತು. ಅಬಲರ ಸ್ವತ್ತನ್ನು ಕಾಯುವದಕ್ಕಾಗಿ ಹುಟ್ಟಿದ ಈ ನಿಯಮದ ಫಲವಾಗಿ, ಒಂದು ಮನೆಯ ಸಂಕಟವನ್ನು ಬುಡದಿಂದ ತುದಿಯ ವರೆಗೆ ಶೋಧಿಸುವದು ಕೊಳ್ಳುವವನ ಕಾಯದೆಬದ್ಧವಾದ ಕರ್ತವ್ಯವಾಯಿತು! ಗಂಡನ ಔರ್ಧ್ವದೇಹಿಕಕ್ಕೆ ಎಷ್ಟಾಯಿತು, ಮಗಳ ಮದುವೆಗೆ ಎಷ್ಟು ಬೇಕು, ಕಂದಾಯವು ಎಷ್ಟು ಬಾಕಿ ಎಂದು ಕೇಳಿ ಕೇಳಿ ಪತ್ರದಲ್ಲಿ ಬರೆಯಿಸಬೇಕು. ಹಳೆಯ ಕ್ರಯಪತ್ರಗಳ ಪೀಠಿಕೆಯಲ್ಲಿ ಬರುವ ಆ ದುಃಖದ ಪಟ್ಟಿಗಳು ಕರುಣೆಯಿಂದ ಬರೆದವಲ್ಲ. ಮುಂದೆ ಗಂಡನ ದಾಯಾದರು ದಾವೆ ಹೂಡಿದರೆ ಕೊಂಡವನ ರಕ್ಷಣೆಗಾಗಿ ಬರೆದವು.

ಕುಮಟೆಯ ಮಾತು ಸ್ವಲ್ಪ ಬೇರೆ. ಅಮೆರಿಕದ ಅಂತರ್ಯುದ್ಧದ (1861–65) ಕಾಲಕ್ಕೆ ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಲಿವರ್ಪೂಲಿನ ಪೇಟೆಯಲ್ಲಿ ಆ ಹತ್ತಿಗೆ ಕುಮಟಾ ಎಂದೇ ಹೆಸರು ಬಿದ್ದು, ಒಂದು ಅಡಕೆ ಮರವಿದ್ದಷ್ಟೂ ಹತ್ತಿ ಬೆಳೆಯದ ಊರಿನ ಹೆಸರು ಸಸ್ಯಶಾಸ್ತ್ರದ ಪುಸ್ತಕಗಳಲ್ಲಿಯೂ ಉಳಿಯಿತು. ಹಣವು ಹರಿದಾಡಿದ ಊರಿನಲ್ಲಿ ಸಾಲವೂ ಹರಿದಾಡುವದು ಸ್ವಾಭಾವಿಕ. ಯುದ್ಧವು ಮುಗಿದೊಡನೆ 1865ರಲ್ಲಿ ಹತ್ತಿಯ ಬೆಲೆಯು ಬಿದ್ದು ಮುಂಬಯಿಯ ದೊಡ್ಡ ಮನೆಗಳೇ ದಿವಾಳಿಯೆದ್ದವು; ಮುಂದೆ 1880ರ ಸುಮಾರಿನಿಂದ ಹುಬ್ಬಳ್ಳಿಯ ಕಡೆಯ ರೈಲುದಾರಿಯು ಮರ್ಮಗೋವೆಯತ್ತ ಸಾಗಿದಾಗ ಹತ್ತಿಯ ದಾರಿಯೇ ತಿರುಗಿತು. ಬೆಲೆಯು ಏರಿದಾಗ ಬರೆದ ಪತ್ರದ ಸಾಲವನ್ನು ಬೆಲೆಯು ಇಳಿದಾಗ ತೀರಿಸಬೇಕಾದವನ ಪಾಡನ್ನು ಬಣ್ಣಿಸಬೇಕಾಗಿಲ್ಲ. ಅಘನಾಶಿನಿಯ ಹಿನ್ನೀರಿನ ಗಜನಿಗಳಲ್ಲಿ ಕಗ್ಗ ಭತ್ತ ಬೆಳೆಯುವವರಿಗೆ ಬೆಲೆಗಿಂತ ಕಟ್ಟೆಯ ಭಯವೇ ಹೆಚ್ಚು. ಒಂದು ಹುಣ್ಣಿಮೆಯ ಉಬ್ಬರಕ್ಕೆ ಮಣ್ಣಿನ ಕಟ್ಟೆ ಒಡೆದರೆ ಆ ವರ್ಷದ ಬೆಳೆ ಹೋಯಿತು. ಕಟ್ಟೆ ಕಟ್ಟಲು ಸಾಲ ಬೇಕು.

ಕುಮಟೆಯ ಉತ್ತರಕ್ಕಿರುವ ಅಂಕೋಲೆಯಲ್ಲಿಯೂ ಘಟ್ಟದ ಮೇಲಿನ ಸಿದ್ದಾಪುರದಲ್ಲಿಯೂ 1930ರಿಂದಾಚೆಗೆ ನಡೆದ ಕರನಿರಾಕರಣೆಯು ಲೋಕಪ್ರಸಿದ್ಧವಾಗಿದೆ. ಕಂದಾಯ ಕೊಡದವರ ಭೂಮಿಗಳನ್ನೂ ದನಕರುಗಳನ್ನೂ ಪಾತ್ರೆಪಗಡೆಗಳನ್ನೂ ಸರಕಾರವು ಜಪ್ತಿಮಾಡಿ ಲಿಲಾವು ಹಾಕಿತು. 1932ರಲ್ಲಿ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೆಣ್ಣುಮಕ್ಕಳು, ಲಿಲಾವಿನಲ್ಲಿ ಕೊಂಡವರ ಮನೆಯ ಮುಂದೆ ಉಪವಾಸ ಕುಳಿತು ಸತ್ಯಾಗ್ರಹ ಮಾಡಿದರು. 1938ರಲ್ಲಿ ಮುಂಬಯಿಯ ಮಂತ್ರಿಮಂಡಲವು ಕಾಯದೆ ಮಾಡಿ ಜಪ್ತಿಯಾದ ಭೂಮಿಗಳನ್ನು ಮೂಲದವರಿಗೆ ಮರಳಿ ಕೊಡಿಸಿತು. ನೆರೆಯವನ ಸಂಕಟದಲ್ಲಿ ಅವನ ಸ್ವತ್ತನ್ನು ಕೊಳ್ಳುವದು ಹೇಯವೆಂಬ ಭಾವನೆಯು ಈ ಜಿಲ್ಲೆಯ ಜನರಲ್ಲಿ ಎಷ್ಟು ಬಲವಾಗಿತ್ತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಆದರೂ ದೇಶಕ್ಕಾಗಿ ಕಳೆದುಕೊಂಡ ಭೂಮಿಯನ್ನು ಕೊಂಡವನು ತಲೆತಗ್ಗಿಸಬೇಕಾದ ಆ ವರ್ಷಗಳಲ್ಲಿಯೇ, ಮಗಳ ಮದುವೆಗಾಗಿ ಕಳೆದುಕೊಂಡ ಭೂಮಿಯನ್ನು ಕೊಂಡವನ ಮನೆಯ ಮುಂದೆ ಯಾರೂ ಕುಳಿತುಕೊಳ್ಳಲಿಲ್ಲ. ಮೊದಲನೆಯದರಲ್ಲಿ ಕೊಂಡವನ ಹೆಸರು ಎಲ್ಲರಿಗೂ ಗೊತ್ತಿತ್ತು. ಎರಡನೆಯದು ನೋಂದಣಿಯ ಪುಸ್ತಕದೊಳಗೆ ಮೌನವಾಗಿ ಮುಗಿಯುತ್ತಿತ್ತು. ಸಾಲ ಮಾಡಿದ್ದು ಅವನ ತಪ್ಪು ಎಂಬ ಮಾತೂ ಬೆನ್ನಿಗಿತ್ತು.

ಪರಿಹಾರಗಳು ಬಂದದ್ದು ನಿಧಾನವಾಗಿ. 1904ರ ಸಹಕಾರಿ ಕಾಯದೆಯ ಮೇಲೆ 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಮೊದಲ ಸಂಘವು ಹುಟ್ಟಿತು. 1920ರಲ್ಲಿ ಶಿರಸಿಯಲ್ಲಿ ಕೆನರಾ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕು ಸ್ಥಾಪನೆಯಾಯಿತು. ಆರು ತಿಂಗಳ ಒಳಗೆ ಹಳೆಯ ಸಾಲವನ್ನು ತೀರಿಸಲು ಕಡಿಮೆ ಬಡ್ಡಿಯ ಹೊಸ ಸಾಲವು ಸಿಗುವಂತಾದದ್ದೇ ಮೂರನೆಯವನಿಗೆ ಬಿದ್ದ ಮೊದಲ ಪೆಟ್ಟು. ಕಾಯದೆಯು ಮಾತ್ರ 1929ರಲ್ಲಿ ಒಂದು ಹೆಜ್ಜೆ ಹಿಂದೆ ಸರಿಯಿತು. ಮರಳಿ ಕೊಡುವ ಕರಾರು ಕ್ರಯಪತ್ರದಲ್ಲಿಯೇ ಇಲ್ಲದಿದ್ದರೆ ಆ ವ್ಯವಹಾರವನ್ನು ಅಡವೆಂದು ಎಣಿಸಕೂಡದೆಂಬ ತಿದ್ದುಪಡಿ ಬಂದಿತು. ಜಾಣರು ಕೂಡಲೆ ಎರಡು ಕಾಗದಗಳನ್ನು ಬರೆಯಿಸತೊಡಗಿದರು: ಒಂದು ಶುದ್ಧ ಖರೇದಿ, ಇನ್ನೊಂದು ಬೇರೆಯಾಗಿ ಮರಳಿ ಕೊಡುವ ಮಾತು. ಎರಡನೆಯ ಕಾಗದವು ಹರಿದರೂ ಕಳೆದರೂ, ವಾಯಿದೆ ತಪ್ಪಿದರೂ, ಅಡವು ಅಡವಾಗಿ ಉಳಿಯುತ್ತಿರಲಿಲ್ಲ. 1947ರ ಮುಂಬಯಿಯ ಕೃಷಿಕ ಋಣಪರಿಹಾರ ಕಾಯದೆಯು ಇಂಥ ಖರೇದಿಗಳ ಮುಸುಕನ್ನು ತೆಗೆದು, ಇದು ನಿಜವಾಗಿ ಅಡವೇ ಎಂದು ಸಾರುವ ಅಧಿಕಾರವನ್ನು ಕೋರ್ಟಿಗೆ ಕೊಟ್ಟಿತು.

ಗೇಣಿಯವನು ಈ ಎಲ್ಲ ಕತೆಯಲ್ಲಿ ಕಾಣಿಸಿಕೊಳ್ಳದ ನಾಲ್ಕನೆಯವನು. ಒಡೆಯನು ಬದಲಾದಾಗ ಚಾಲಗೇಣಿಯವನ ಗೇಣಿ ಏರುವದು, ಇಲ್ಲವೆ ಗದ್ದೆಯೇ ತಪ್ಪುವದು. ಅವನಿಗೆ ಆರು ತಿಂಗಳೂ ಇಲ್ಲ, ಡಂಗುರವೂ ಇಲ್ಲ. ಅಂಕೋಲೆ ಸೀಮೆಯ ದಿನಕರ ದೇಸಾಯಿಯವರು (1909–1982) ರೈತರನ್ನು ಕೂಡಿಸಿದ್ದು ಇಂಥವರಿಗಾಗಿಯೇ. 1940ರಲ್ಲಿ ಸರಕಾರವು ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು. ಜಿಲ್ಲೆಯು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, 1961ರ ಭೂಸುಧಾರಣಾ ಕಾಯದೆಗೆ ಆದ ತಿದ್ದುಪಡಿಯಿಂದ 1974ನೆಯ ಮಾರ್ಚ್ 1ಕ್ಕೆ ಗೇಣಿಯ ಭೂಮಿಗಳು ಸರಕಾರಕ್ಕೆ ಸೇರಿ, ಉಳುವವನು ಅರ್ಜಿ ಕೊಟ್ಟು ಒಡೆಯನಾದನು. ಅಡವು ಹಿಡಿದು ಸ್ವಾಧೀನದಲ್ಲಿದ್ದವನನ್ನು ಗೇಣಿಯವನೆಂದು ಎಣಿಸಬಾರದೆಂದು ಅದೇ ಕಾಯದೆಯು ಹೇಳಿದ್ದರಿಂದ, ಸಾಲ ಕೊಟ್ಟು ಗದ್ದೆ ಹಿಡಿದವರಿಗೆ ಆ ದಾರಿಯು ತೆರೆಯಲಿಲ್ಲ. 1976ರ ಋಣಪರಿಹಾರ ಕಾಯದೆಯು ಸಣ್ಣ ರೈತರ, ಭೂಮಿಯಿಲ್ಲದ ಕೂಲಿಗಾರರ ಹಾಗೂ ದುರ್ಬಲ ವರ್ಗದವರ ಖಾಸಗಿ ಸಾಲಗಳನ್ನು ತೀರಿದವೆಂದೇ ಸಾರಿತು. ಭೋಗ್ಯದ ವಿಷಯದಲ್ಲಂತೂ 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಫಲವನ್ನುಂಡು ಸಾಲ ತೀರುವ ಬಗೆಯ ಅಡವಿನಲ್ಲಿ ಬರಿದೆ ವರ್ಷಗಳು ಕಳೆದ ಮಾತ್ರಕ್ಕೆ ಬಿಡಿಸಿಕೊಳ್ಳುವ ಹಕ್ಕು ಹೋಗದೆಂದು ತೀರ್ಪು ಕೊಟ್ಟಿತು. ತೀರ್ಪಿನ ಆಧಾರವು 1882ರ ಕಾಯದೆ. ಫಲಭೋಗ್ಯವು ಕೈಬಿಡದೆಂಬ ಯಾಜ್ಞವಲ್ಕ್ಯನ ಮಾತು ಮಾತ್ರ ಅದರಿಂದ ಅಳಿಯದೆ ಉಳಿಯಿತು.

ಇಷ್ಟೆಲ್ಲ ಆದ ಮೇಲೆ ಮೂರನೆಯವನು ಹೋದನೇ? ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡತೊಡಗಿತು, ಹೆದ್ದಾರಿಯು ಅಗಲವಾಯಿತು, ಕೊಲ್ಲಿಯ ದೇಶಗಳ ಗಳಿಕೆಯು ಭಟ್ಕಳಕ್ಕೆ ಬಂದಿತು; ರಸ್ತೆಯ ಅಂಚಿನ ಗುಂಟೆಯ ಬೆಲೆಯು ಹಿಂದಿನ ಎಕರೆಯ ಬೆಲೆಯನ್ನು ಮೀರಿತು. ಮನೆಗಳು ಬ್ಯಾಂಕಿನ ಸಾಲದಿಂದ ಏಳುತ್ತಿವೆ. 2002ರ ಸರಫೇಸಿ ಕಾಯದೆಯಂತೆ ಬ್ಯಾಂಕು ಕೋರ್ಟಿಗೆ ಹೋಗದೆ ತಾನೇ 60 ದಿನಗಳ ನೋಟೀಸು ಕೊಟ್ಟು ಸ್ವಾಧೀನಕ್ಕೆ ಬರಬಹುದು. ಬಂದುದನ್ನು ಎರಡು ಪತ್ರಿಕೆಗಳಲ್ಲಿ, ಅವುಗಳಲ್ಲೊಂದು ಆ ಸೀಮೆಯ ಭಾಷೆಯದು, ಪ್ರಕಟಿಸಬೇಕು. ಸಾಲಗಾರನ ಹೆಸರು, ಊರು, ಸರ್ವೆ ನಂಬರು, ಚತುಃಸೀಮೆ, ಬಾಕಿಯ ಮೊತ್ತ ಎಲ್ಲವೂ ಸಣ್ಣ ಅಕ್ಷರಗಳಲ್ಲಿ ಬರುತ್ತವೆ. ನೋಂದಣಿ ಕಚೇರಿಗೆ ಫೀ ಕೊಟ್ಟು ಹುಡುಕುವ ಶ್ರಮವೂ ಈಗ ಬೇಡ. ಆ ಪುಟವನ್ನು ನಿತ್ಯವೂ ತಪ್ಪದೆ ಓದುವವನು ಯಾರೆಂಬುದನ್ನು ಹೇಳಬೇಕಾಗಿಲ್ಲ. ಈ ಕಾಯದೆಯು ಮೊದಲು, ಮಾರುವ ದಿನದ ವರೆಗೂ ಬಾಕಿ ಕಟ್ಟಿ ಬಿಡಿಸಿಕೊಳ್ಳಬಹುದೆಂದು ಹೇಳುತ್ತಿತ್ತು. 2016ರ ತಿದ್ದುಪಡಿಯು ಆ ಗಡುವನ್ನು ಲಿಲಾವಿನ ನೋಟೀಸು ಪ್ರಕಟವಾಗುವ ದಿನಕ್ಕೆ ಹಿಂದಕ್ಕೆಳೆಯಿತು. ಪ್ರಕಟವಾದೊಡನೆ ಆ ಹಕ್ಕು ತೀರಿತೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಹೇಳಿತು. ಡಂಗುರವಾದ ಮೇಲೆ ಎಚ್ಚೆತ್ತು ಹಣ ತರುವ ನಂಟನಿಗೆ ಹಿಂದೆ ಕೆಲವು ದಿನಗಳಾದರೂ ಇದ್ದವು. ಈಗ ಅವನು ಪತ್ರಿಕೆ ಓದಿ ಓಡಿ ಬರುವ ಹೊತ್ತಿಗೆ ಹಕ್ಕೇ ಮುಗಿದಿರುತ್ತದೆ.

ಕೃಷಿಭೂಮಿಗೆ ಈ ಕಾಯದೆಯು ಹತ್ತುವದಿಲ್ಲ. ಆದಕಾರಣ ಅಡಿಕೆಯ ತೋಟವು ಇದರ ಕೈಗೆ ಸಿಗದು. ಅದೇ ತೋಟದ ತುದಿಯಲ್ಲಿ ಐದು ಗುಂಟೆಯನ್ನು ಬಿನ್‌ಶೇತ್ಕಿ ಮಾಡಿಸಿ, ಅದರ ಮೇಲೆ ಬ್ಯಾಂಕಿನ ಸಾಲದಿಂದ ಕಟ್ಟಿದ ಮನೆಯು ಸಿಗುವದು.